ಪಲ್ಟಿ ನೇಗಿಲಿನ ಹೈಡ್ರಾಲಿಕ್ ಹೋಸ್ ಮಧ್ಯಾಹ್ನ ಕೂಡುವುದಿಲ್ಲ, ಕೂಡಿದರೂ ನೇಗಿಲು ಅರ್ಧಕ್ಕೇ ನಿಲ್ಲುತ್ತದೆ

ಪ್ರಶ್ನೆ: ನವಲಗುಂದ ತಾಲ್ಲೂಕಿನ ರೈತ

ಎಲ್ಲರಿಗೂ ನಮಸ್ಕಾರ. ನಮ್ಮದು ಎರೆ ಹೊಲ. ಕಡಲೆ ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಆಳವಾಗಿ ಉತ್ತು, ಹೆಂಟೆಗಳನ್ನು ಬಿಸಿಲಿಗೆ ಬಿಡಬೇಕೆಂದು ಎರಡು ಕುಳದ ಹೈಡ್ರಾಲಿಕ್ ಪಲ್ಟಿ ನೇಗಿಲೊಂದನ್ನು (ಸಾಲಿನ ಕೊನೆಯಲ್ಲಿ ಮಗ್ಗುಲು ಬದಲಿಸಿ ತಿರುಗುವಂಥದು) ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದೇನೆ. ಟ್ರಾಕ್ಟರ್ 50 ಎಚ್‌ಪಿಯದು. ಅದರ ಹಿಂಭಾಗದಲ್ಲಿ ಒಂದೇ ಡಿಸಿ ವಾಲ್ವ್ (ಲಿವರ್‌ನಿಂದ ಆಯಿಲ್‌ನ ದಿಕ್ಕು ಬದಲಿಸುವ ವಾಲ್ವ್) ಇದ್ದು, ಅದಕ್ಕೆ ಹೋಸ್ ಕೂಡಿಸುವ ಎರಡು ಹೆಣ್ಣು ಕಪ್ಲರ್‌ಗಳಿವೆ. ನೇಗಿಲಿನ ಸಿಲಿಂಡರ್‌ನಿಂದ ಬರುವ ಎರಡು ಹೋಸ್‌ಗಳ ತುದಿಯಲ್ಲಿ ಅರ್ಧ ಇಂಚಿನ ಗಂಡು ಕಪ್ಲರ್‌ಗಳಿವೆ.

ತೊಂದರೆಗಳು ಮೂರು. ಬೆಳಗಿನ ತಂಪಿನಲ್ಲಿ ಎರಡೂ ಹೋಸ್ ಕೈಯಿಂದಲೇ ಸಲೀಸಾಗಿ ಕೂಡುತ್ತವೆ. ಆದರೆ ನೇಗಿಲನ್ನು ಬಿಚ್ಚಿ ಬಯಲಿನಲ್ಲಿ ಬಿಟ್ಟು, ಟ್ರಾಲಿ ಕೆಲಸ ಮುಗಿಸಿಕೊಂಡು ಮಧ್ಯಾಹ್ನ ಮರಳಿ ಜೋಡಿಸಲು ಹೋದರೆ ಒಂದು ಹೋಸ್ ಎಷ್ಟು ಬಲ ಹಾಕಿದರೂ ಒಳಗೆ ಹೋಗುವುದಿಲ್ಲ. ಎರಡನೆಯದಾಗಿ, ಹೇಗೋ ಕೂಡಿಸಿದ ದಿನ ಲಿವರ್ ಎಳೆದರೆ ನೇಗಿಲು ನೆಟ್ಟಗೆ ಎದ್ದು ನಿಂತು, ಆಚೆ ಮಗ್ಗುಲಿಗೆ ಬೀಳದೆ ಹಾಗೆಯೇ ಉಳಿಯುತ್ತದೆ. ಕೆಲವು ಸಲ ಸರಿಯಾಗಿ ತಿರುಗುವುದೂ ಉಂಟು. ಮೂರನೆಯದಾಗಿ, ಒಂದು ಗಂಡು ಕಪ್ಲರ್ ಹೋಸ್‌ಗೆ ಸೇರುವ ಥ್ರೆಡ್‌ನ ಬಳಿ ಆಯಿಲ್ ಜಿನುಗುತ್ತಿದೆ, ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಿದರೂ ನಿಂತಿಲ್ಲ.

ಪಕ್ಕದ ಹೊಲದವರು ಕಪ್ಲರ್‌ನ ಮೂತಿಯನ್ನು ಬೋಲ್ಟ್‌ನಿಂದ ಒತ್ತಿ ಸ್ವಲ್ಪ ಆಯಿಲ್ ಚಿಮ್ಮಿಸಿಬಿಟ್ಟರೆ ಕೂಡುತ್ತದೆ ಎನ್ನುತ್ತಾರೆ. ಅಂಗಡಿಯವರು ನಾಲ್ಕೂ ಕಪ್ಲರ್‌ಗಳನ್ನು ಬದಲಿಸಿ ಎನ್ನುತ್ತಾರೆ. ಹಣ ಹಾಕುವ ಮೊದಲು ನಿಜವಾದ ಕಾರಣವನ್ನು ತಿಳಿಯಬೇಕೆಂದಿದ್ದೇನೆ. ಅನುಭವವುಳ್ಳವರು ದಯವಿಟ್ಟು ವಿವರಿಸಬೇಕು.

ಉತ್ತರ: ಹುಬ್ಬಳ್ಳಿ, ಹೋಸ್ ಮತ್ತು ಫಿಟ್ಟಿಂಗ್ ಕೆಲಸದವರು

ನಮಸ್ಕಾರ ಸರ್. ಕಪ್ಲರ್ ಬದಲಿಸುವುದು ಸದ್ಯಕ್ಕೆ ಬೇಡ. ಬೆಳಿಗ್ಗೆ ಕೂಡುವ ಕಪ್ಲರ್ ಮಧ್ಯಾಹ್ನ ಕೂಡುವುದಿಲ್ಲ ಎಂದರೆ ಕಪ್ಲರ್ ಚೆನ್ನಾಗಿದೆ, ಅದರ ಹಿಂದೆ ಒತ್ತಡ ಸಿಕ್ಕಿಕೊಂಡಿದೆ ಎಂದು ಅರ್ಥ.

ಕಪ್ಲರ್‌ನ ಗಂಡು ಹೆಣ್ಣು ಎರಡೂ ಭಾಗಗಳಲ್ಲಿ ಸ್ಪ್ರಿಂಗ್ ಹಾಕಿದ ಒಂದೊಂದು ಪಾಪೆಟ್, ಅಂದರೆ ಬಾಯಿ ಮುಚ್ಚುವ ಸಣ್ಣ ಕವಾಟ ಇರುತ್ತದೆ. ಬಿಚ್ಚಿದಾಗ ಅವು ಮುಂದೆ ಬಂದು ಬಾಯಿ ಮುಚ್ಚುತ್ತವೆ. ಜೋಡಿಸಿದಾಗ ಮೂತಿಗೆ ಮೂತಿ ತಾಗಿ ಒಂದನ್ನೊಂದು ಹಿಂದಕ್ಕೆ ತಳ್ಳಿ ದಾರಿ ತೆರೆಯುತ್ತವೆ. ನೀವು ನೇಗಿಲನ್ನು ಬಿಚ್ಚಿಟ್ಟ ಮೇಲೆ ಹೋಸ್ ಮತ್ತು ಸಿಲಿಂಡರ್‌ನಲ್ಲಿ ಉಳಿದ ಆಯಿಲ್‌ಗೆ ಹೊರಹೋಗುವ ದಾರಿಯೇ ಇರುವುದಿಲ್ಲ. ಬಿಸಿಲಿಗೆ ಆಯಿಲ್ ಹಿಗ್ಗುತ್ತದೆ, ಕಬ್ಬಿಣ ಅಷ್ಟು ಹಿಗ್ಗುವುದಿಲ್ಲ. ಗಟ್ಟಿಯಾದ ಉಕ್ಕಿನ ಪಾತ್ರೆಯಲ್ಲಿ ಆಯಿಲ್ ತುಂಬಿ ಮುಚ್ಚಿಟ್ಟರೆ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 10 ಬಾರ್‌ನಷ್ಟು ಒತ್ತಡ ಹೆಚ್ಚುತ್ತದೆ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕಿಲೋಗ್ರಾಂ ಭಾರ). ಹೋಸ್ ರಬ್ಬರಿನದಾದ್ದರಿಂದ ತುಸು ಉಬ್ಬಿ ಜಾಗ ಕೊಡುತ್ತದೆ, ಆದಕಾರಣ ಏರಿಕೆ ಅದಕ್ಕಿಂತ ಕಡಿಮೆಯಿರುತ್ತದೆ. ಆದರೂ ಏಪ್ರಿಲ್‌ನ ನಿಮ್ಮ ಕಡೆಯ ಬಿಸಿಲಿಗೆ 50 ಬಾರ್ ಆಗುವುದು ದೊಡ್ಡ ಮಾತಲ್ಲ. ಪಾಪೆಟ್‌ನ ಮುಖ ಒಂದೇ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ 50 ಬಾರ್ ಒತ್ತಡ ಅದನ್ನು 50 ಕಿಲೋಗ್ರಾಂಗೂ ಮಿಕ್ಕ ಬಲದಿಂದ ಹೊರಕ್ಕೆ ಒತ್ತಿ ಹಿಡಿಯುತ್ತದೆ. ಅದನ್ನು ಒಂದು ಕೈಯಿಂದ ಒಳಗೆ ತಳ್ಳುವುದು ಸಾಧ್ಯವಿಲ್ಲ. ರಾತ್ರಿ ತಣ್ಣಗಾದಾಗ ಒತ್ತಡ ಇಳಿಯುತ್ತದೆ, ಬೆಳಿಗ್ಗೆ ಸಲೀಸಾಗಿ ಕೂಡುತ್ತದೆ.

ಆದ್ದರಿಂದ ಮದ್ದು ಇರುವುದು ಜೋಡಿಸುವಾಗಲ್ಲ, ಬಿಚ್ಚುವಾಗ. ನೇಗಿಲನ್ನು ಒಂದು ಮಗ್ಗುಲಿಗೆ ಪೂರ್ತಿ ತಿರುಗಿಸಿ, ತಡೆಪಿನ್ ಇದ್ದರೆ ಹಾಕಿ, ಸಮತಟ್ಟಾದ ನೆಲಕ್ಕೆ ಇಳಿಸಿ, ಊರುಗಾಲಿನ ಮೇಲೆ ಅಲುಗಾಡದಂತೆ ನಿಲ್ಲಿಸಿರಿ. ಅದರ ಭಾರ ಸಿಲಿಂಡರ್‌ನ ಮೇಲೆ ಇರಬಾರದು. ನಂತರ ಎಂಜಿನ್ ನಿಲ್ಲಿಸಿ, ಡಿಸಿ ವಾಲ್ವ್‌ನ ಲಿವರನ್ನು ಮುಂದಕ್ಕೂ ಹಿಂದಕ್ಕೂ ಪೂರ್ತಿಯಾಗಿ ನಾಲ್ಕಾರು ಸಲ ಆಡಿಸಿರಿ. ಪಂಪ್ ನಿಂತಿರುವುದರಿಂದ ಎರಡೂ ಹೋಸ್‌ಗಳಲ್ಲಿದ್ದ ಒತ್ತಡ ಹೀಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಲಿವರ್ ಬದಲು ಗುಂಡಿ ಒತ್ತಿ ನಡೆಸುವ ಎಲೆಕ್ಟ್ರಿಕ್ ವಾಲ್ವ್ ಇರುವ ಹೊಸ ಟ್ರಾಕ್ಟರ್‌ಗಳಲ್ಲಿ ಎಂಜಿನ್ ನಿಂತಿದ್ದರೂ ಕೀ ಆನ್ ಇರಬೇಕಾಗುತ್ತದೆ. ನಿಮ್ಮದು ಲಿವರ್‌ನದಾದ್ದರಿಂದ ಅದರ ಚಿಂತೆ ಇಲ್ಲ. ಇಷ್ಟಾದ ಮೇಲೆ ಕಪ್ಲರ್ ಬಿಚ್ಚಿ, ಮುಚ್ಚಳ ಹಾಕಿ, ಹೋಸ್‌ಗಳನ್ನು ನೆರಳಿನ ಮಗ್ಗುಲಿಗೆ ತೂಗುಹಾಕಿರಿ. ಜೋಡಿಸುವ ಹೊತ್ತಿಗೂ ಎಂಜಿನ್ ನಿಲ್ಲಿಸಿ ಲಿವರ್ ಆಡಿಸಬೇಕು, ಏಕೆಂದರೆ ಟ್ರಾಕ್ಟರ್ ಬದಿಯಲ್ಲೂ ಒತ್ತಡ ಉಳಿದಿರಬಹುದು.

ಬೋಲ್ಟ್‌ನಿಂದ ಮೂತಿ ಒತ್ತುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪಾಪೆಟ್‌ಗೆ ಗೀರು ಬಿದ್ದರೆ ಕಪ್ಲರ್ ಮುಂದೆ ಸದಾ ಜಿನುಗುತ್ತಿರುತ್ತದೆ ಎಂಬುದು ಸಣ್ಣ ಮಾತು. ದೊಡ್ಡ ಮಾತೆಂದರೆ, ಕೂದಲೆಳೆಯಷ್ಟು ಸಂದಿಯಿಂದ ಒತ್ತಡದಲ್ಲಿ ಹೊರಡುವ ಆಯಿಲ್ ಚರ್ಮವನ್ನು ಸೀಳಿ ಒಳಗೆ ಸೇರಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ; ಆದರೆ ಒಳಗೆ ಮಾಂಸ ಕೊಳೆಯತೊಡಗಿ ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಹಾಗಾದಾಗ ಮುಲಾಮು ಹಚ್ಚಿ ಮನೆಯಲ್ಲಿ ಕೂರದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಹೈಡ್ರಾಲಿಕ್ ಆಯಿಲ್ ಒತ್ತಡದಿಂದ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಇದೇ ಕಾರಣಕ್ಕೆ ಸೋರಿಕೆ ಎಲ್ಲಿದೆ ಎಂದು ಕೈಯಾಡಿಸಿ ಹುಡುಕುವುದೂ ತಪ್ಪು. ಉದ್ದನೆಯ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ, ಒದ್ದೆ ಕಲೆ ಎಲ್ಲಿ ಬೀಳುತ್ತದೆಯೋ ಸೋರಿಕೆ ಅಲ್ಲಿದೆ.

ಈಗಾಗಲೇ ಒತ್ತಡ ಸಿಕ್ಕಿಕೊಂಡಿರುವ ನೇಗಿಲನ್ನು ಅದೇ ದಿನ ಜೋಡಿಸಲೇಬೇಕಾದರೆ, ಅದು ನೆಲದ ಮೇಲೆ ಭದ್ರವಾಗಿ ಕುಳಿತಿರುವುದನ್ನು ಖಚಿತಪಡಿಸಿಕೊಂಡು, ಹೋಸ್ ಮತ್ತು ಸಿಲಿಂಡರ್‌ಗಳನ್ನು ಒದ್ದೆ ಗೋಣಿಚೀಲದಿಂದ ಮುಚ್ಚಿ ತಣಿಯಲು ಬಿಡಿ. ನಮ್ಮಲ್ಲಿಗೆ ಬರುವ ಎಷ್ಟೋ ಜನರಿಗೆ ಇಷ್ಟೇ ಸಾಕಾಗಿದೆ.

ಉತ್ತರ: ರಾಯಚೂರು, ಕೃಷಿ ಎಂಜಿನಿಯರಿಂಗ್ ಓದಿದವರು

ಮೇಲಿನ ಉತ್ತರ ಮೊದಲ ತೊಂದರೆಗೆ ಸಾಕು. ನಾನು ಎರಡನೆಯದನ್ನು, ಅಂದರೆ ನೇಗಿಲು ಅರ್ಧಕ್ಕೆ ನಿಲ್ಲುವುದನ್ನು ಕುರಿತು ಬರೆಯುತ್ತೇನೆ, ಏಕೆಂದರೆ ಅದನ್ನು ಬರಿಯ ಕಿರಿಕಿರಿ ಎಂದು ಬಿಟ್ಟುಬಿಡುವಂತಿಲ್ಲ.

ಹಲವು ಪಲ್ಟಿ ನೇಗಿಲುಗಳಲ್ಲಿ ಸಿಲಿಂಡರ್ ಒಂದೇ ದಿಕ್ಕಿನ ಚಲನೆಯಲ್ಲಿ ಕೆಲಸ ಮುಗಿಸುವುದಿಲ್ಲ. ಮೊದಲು ರಾಡ್ ಒಳಸರಿದು ಚೌಕಟ್ಟನ್ನು ನೆಟ್ಟಗೆ ಎತ್ತುತ್ತದೆ, ಅದು ನಡುಬಿಂದುವಿಗೆ ಬಂದಾಗ ಆಯಿಲ್‌ನ ದಿಕ್ಕು ಬದಲಾಗಿ ರಾಡ್ ಹೊರಬಂದು ಚೌಕಟ್ಟನ್ನು ಆಚೆ ಮಗ್ಗುಲಿಗೆ ತಳ್ಳುತ್ತದೆ. ಕೆಲವು ನೇಗಿಲುಗಳಲ್ಲಿ ಈ ದಿಕ್ಕು ಬದಲಾವಣೆಯನ್ನು ಚಾಲಕನೇ ಲಿವರ್ ತಿರುಗಿಸಿ ಮಾಡಬೇಕು. ಇನ್ನು ಕೆಲವುಗಳಲ್ಲಿ ಸಿಲಿಂಡರ್‌ಗೆ ಅಂಟಿಕೊಂಡೇ ಒಂದು ತಿರುವು ವಾಲ್ವ್ ಇದ್ದು, ರಾಡ್ ಪೂರ್ತಿ ಒಳಸರಿದ ಕ್ಷಣದಲ್ಲಿ ಒಮ್ಮೆಲೇ ಏರುವ ಒತ್ತಡವೇ ಅದನ್ನು ಬದಲಿಸುತ್ತದೆ. ನಿಮ್ಮದು ಯಾವ ಬಗೆಯದು ಎಂದು ಮೊದಲು ನೋಡಿ. ಹೋಸ್‌ಗಳು ನೇರವಾಗಿ ಸಿಲಿಂಡರ್‌ನ ಎರಡು ತುದಿಗಳಿಗೆ ಹೋಗಿದ್ದರೆ ಮೊದಲ ಬಗೆ, ಒಂದೇ ಕಬ್ಬಿಣದ ದಿಮ್ಮಿಗೆ ಎರಡೂ ಹೋಗಿದ್ದರೆ ಎರಡನೆಯದು. ಎರಡನೆಯ ಬಗೆಯಲ್ಲಿ ಯಾವ ಹೋಸ್ ಒತ್ತಡದ್ದು, ಯಾವುದು ಹಿಂದಿರುಗುವುದು ಎಂಬುದು ನಿಗದಿಯಾಗಿರುತ್ತದೆ. ದಿಮ್ಮಿಯ ಮೇಲೆ ರೋಮನ್ ಲಿಪಿಯ ಪಿ (ಒತ್ತಡದ್ದು) ಮತ್ತು ಟಿ (ಟ್ಯಾಂಕಿಗೆ ಹಿಂದಿರುಗುವುದು) ಅಕ್ಷರಗಳನ್ನು ಕೊರೆದಿರುತ್ತಾರೆ, ಮಣ್ಣು ಕೆರೆದು ನೋಡಬೇಕು. ಲಿವರನ್ನು ರಾಡ್ ತುದಿ ಮುಟ್ಟುವ ಮೊದಲೇ ಬಿಟ್ಟುಬಿಟ್ಟರೂ ಆ ವಾಲ್ವ್ ಬದಲಾಗುವುದಿಲ್ಲ.

ಕೆಲವು ಸಲ ಸರಿಯಾಗಿ ತಿರುಗುತ್ತದೆ ಎಂಬ ನಿಮ್ಮ ಮಾತಿನಿಂದ ನನಗೆ ಹೆಚ್ಚು ಅನುಮಾನ ಬಂದಿರುವುದು ಕಪ್ಲರ್‌ನ ಮೇಲೆ. ಒತ್ತಡ ಉಳಿದಿರುವಾಗ ಬಲವಂತವಾಗಿ ತಳ್ಳಿದರೆ ಹೊರಗಿನ ಉಂಗುರ ಕಚ್ಚಿಕೊಂಡು ಚಟ್ ಎಂದು ಸದ್ದು ಬಂದರೂ ಒಳಗಿನ ಎರಡು ಪಾಪೆಟ್‌ಗಳಲ್ಲಿ ಒಂದು ಪೂರ್ತಿ ತೆರೆಯದೆ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಕಪ್ಲರ್ ಕೂಡಿದೆ. ಆಯಿಲ್‌ಗೆ ಮಾತ್ರ ಅದು ಮುಚ್ಚಿದ ಬಾಗಿಲು. ಹಿಂದಿರುಗುವ ಹೋಸ್‌ನಲ್ಲಿ ಹೀಗಾದರೆ ತಿರುವು ವಾಲ್ವ್‌ಗೆ ಬೇಕಾದ ಒತ್ತಡದ ವ್ಯತ್ಯಾಸ ಸಿಗದೆ ನೇಗಿಲು ನಡುವೆ ನಿಲ್ಲುತ್ತದೆ. ಟಿಪ್ಪಿಂಗ್ ಟ್ರೇಲರ್‌ನ ಡಬ್ಬಿ ಮೇಲೆ ಏರಿ, ಕೆಳಗಿಳಿಯದೆ ನಿಲ್ಲುವುದಕ್ಕೂ ಬಹಳ ಸಲ ಇದೇ ಕಾರಣ. ಹಾಗೆ ನಿಂತಾಗ ಜನ ಡಬ್ಬಿಯ ಅಡಿಗೆ ತಲೆ ಹಾಕಿ ಕಪ್ಲರ್ ಸಡಿಲಿಸಲು ಹೋಗುತ್ತಾರೆ. ಊರುಗೋಲು ಕೊಡದೆ ಎತ್ತಿದ ಡಬ್ಬಿಯ ಅಡಿಗೆ ಯಾರೂ ಹೋಗಬಾರದು.

ಈಗ ಅಪಾಯದ ವಿಷಯ. ಸಿಲಿಂಡರ್‌ನ ಒಳವ್ಯಾಸ 63 ಮಿ.ಮೀ., ರಾಡ್ 35 ಮಿ.ಮೀ. ಎಂದಿಟ್ಟುಕೊಳ್ಳಿ. ಪಿಸ್ಟನ್‌ನ ಹಿಂಭಾಗದ ವಿಸ್ತೀರ್ಣ ಸುಮಾರು 31.2 ಚದರ ಸೆಂ.ಮೀ., ರಾಡ್ ಇರುವ ಬದಿಯಲ್ಲಿ ರಾಡ್ ಕಳೆದು ಉಳಿಯುವುದು ಸುಮಾರು 21.6 ಚದರ ಸೆಂ.ಮೀ. ರಾಡ್ ಬದಿಯ ಕಪ್ಲರ್ ಮುಚ್ಚಿಕೊಂಡಿರುವಾಗ ಹಿಂಭಾಗಕ್ಕೆ 180 ಬಾರ್ ಒತ್ತಡ ಕೊಟ್ಟರೆ ರಾಡ್ ಬದಿಯಲ್ಲಿ ಸಿಕ್ಕಿಬಿದ್ದ ಆಯಿಲ್‌ನ ಒತ್ತಡ 260 ಬಾರ್‌ಗೆ ಏರುತ್ತದೆ. ಒತ್ತಡ ಮಿತಿ ಮೀರಿದಾಗ ಆಯಿಲನ್ನು ಟ್ಯಾಂಕಿಗೆ ಬಿಡುವ ಟ್ರಾಕ್ಟರ್‌ನ ರಿಲೀಫ್ ವಾಲ್ವ್ ಇದನ್ನು ತಡೆಯಲಾರದು, ಏಕೆಂದರೆ ಆ ಒತ್ತಡ ಇರುವುದು ಮುಚ್ಚಿದ ಕಪ್ಲರ್‌ನ ಆಚೆ. ರಿಲೀಫ್ ವಾಲ್ವ್‌ಗೆ ಅದು ಕಾಣಿಸುವುದೇ ಇಲ್ಲ. ಒಂದೇ ಪದರದ ತಂತಿ ಹೆಣೆದ ಅರ್ಧ ಇಂಚಿನ 1ಎಸ್‌ಎನ್ ಹೋಸ್‌ನ ಕೆಲಸದ ಒತ್ತಡ 160 ಬಾರ್ ಮಾತ್ರ. ಸೀಲ್ ಹರಿಯುವುದು, ಹೋಸ್ ಒಡೆಯುವುದು ಇಂತಹ ಸಂದರ್ಭದಲ್ಲಿಯೇ. ಆದ್ದರಿಂದ ನೇಗಿಲು ನಡುವೆ ನಿಂತರೆ ಎಕ್ಸಿಲರೇಟರ್ ಏರಿಸಿ ಲಿವರನ್ನು ಒತ್ತಿ ಹಿಡಿಯಬೇಡಿ. ನೇಗಿಲಿನ ತಿರುಗುವ ವ್ಯಾಪ್ತಿಯಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು, ಲಿವರನ್ನು ವಿರುದ್ಧ ದಿಕ್ಕಿಗೆ ಮೆಲ್ಲಗೆ ಆಡಿಸಿ ಮೊದಲಿದ್ದ ಮಗ್ಗುಲಿಗೆ ಮರಳಿಸಿ, ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕಪ್ಲರ್ ಬಿಚ್ಚಿ ಮತ್ತೆ ಕೂಡಿಸಬೇಕು. ಆಚೆಗೂ ಹೋಗದೆ ಈಚೆಗೂ ಬಾರದೆ ನಿಂತರೆ ಕಪ್ಲರ್ ಮುಟ್ಟುವ ಮೊದಲು ಚೌಕಟ್ಟಿಗೆ ಆಧಾರ ಕೊಟ್ಟು ಸರಪಳಿಯಿಂದ ಬಿಗಿಯಬೇಕು.

ಕಪ್ಲರ್ ಪೂರ್ತಿ ಕೂಡಿದೆಯೇ ಎಂದು ತಿಳಿಯಲು ಸದ್ದನ್ನು ನಂಬಬೇಡಿ. ಕೂಡಿಸಿದ ಮೇಲೆ ಹೋಸ್ ಹಿಡಿದು ಹಿಂದಕ್ಕೆ ಎಳೆದು ನೋಡಿ, ಎರಡೂ ಗಂಡು ತುದಿಗಳು ಒಂದೇ ಆಳಕ್ಕೆ ಹೋಗಿವೆಯೇ ಎಂದು ಹೋಲಿಸಿ. ಚೆನ್ನಾಗಿ ಕೂಡಿದ ದಿನ ಗಂಡು ತುದಿಯ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಮುಂದೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಟ್ರಾಕ್ಟರ್‌ನಲ್ಲಿ ದೋಷವಿದೆಯೋ ನೇಗಿಲಿನಲ್ಲೋ ಎಂದು ಬೇರ್ಪಡಿಸಲು ಎರಡೂ ತುದಿಗೆ ಗಂಡು ಕಪ್ಲರ್ ಇರುವ ಗಿಡ್ಡ ಹೋಸೊಂದನ್ನು ಮಾಡಿಸಿಕೊಂಡು ಟ್ರಾಕ್ಟರ್‌ನ ಎರಡು ಕಪ್ಲರ್‌ಗಳ ನಡುವೆ ಹಾಕಿ, ಕಡಿಮೆ ವೇಗದಲ್ಲಿ ಲಿವರ್ ಎಳೆಯಿರಿ. ಎಂಜಿನ್‌ನ ಸದ್ದು ಭಾರವಾಗದಿದ್ದರೆ ಆಯಿಲ್ ಸರಾಗವಾಗಿ ಸುತ್ತುತ್ತಿದೆ, ದೋಷ ನೇಗಿಲಿನ ಬದಿಯಲ್ಲಿದೆ. ಎರಡೂ ದಿಕ್ಕಿಗೆ ಪರೀಕ್ಷಿಸಬೇಕು.

ಇನ್ನೊಂದು ಸಾಧ್ಯತೆಯೂ ಇದೆ. ಕೃಷಿ ಟ್ರಾಕ್ಟರ್‌ಗಳ ಕಪ್ಲರ್‌ಗೆ ಐಎಸ್‌ಒ 5675 ಎಂಬ ಮಾನಕವಿದ್ದು, ಅದನ್ನು ಪಾಲಿಸಿದ ಅರ್ಧ ಇಂಚಿನ ಕಪ್ಲರ್‌ಗಳು ತಯಾರಕರು ಯಾರೇ ಆದರೂ ಒಂದಕ್ಕೊಂದು ಕೂಡಬೇಕು. ಅಗ್ಗದ ಮಾಲಿನಲ್ಲಿ ಹೊರ ಅಳತೆ ಹೊಂದಿದರೂ ಪಾಪೆಟ್‌ನ ಉದ್ದ ಹೆಚ್ಚುಕಡಿಮೆ ಇರುತ್ತದೆ, ಆಗ ಎಷ್ಟು ಸರಿಯಾಗಿ ಕೂಡಿಸಿದರೂ ದಾರಿ ಅರ್ಧವೇ ತೆರೆಯುತ್ತದೆ. ಅಂಥ ಗಂಡು ತುದಿಯನ್ನಷ್ಟೇ ಬದಲಿಸಿದರೆ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೇಗಿಲಿನಲ್ಲಿ ತಿರುವು ವಾಲ್ವ್‌ನ ದಿಮ್ಮಿ ಇದೆ, ಮಣ್ಣು ತೆಗೆದಾಗ ಅಕ್ಷರಗಳೂ ಕಂಡವು. ಎಂಜಿನ್ ನಿಲ್ಲಿಸಿ ಲಿವರ್ ಆಡಿಸಿ ಬಿಚ್ಚಿಟ್ಟ ನೇಗಿಲು ಮಧ್ಯಾಹ್ನವೂ ಕೈಯಿಂದಲೇ ಕೂಡಿತು, ಪೂರ್ತಿಯಾಗಿ ಕೂಡಿದಾಗ ಎರಡೂ ಮಗ್ಗುಲಿಗೆ ತಡೆಯಿಲ್ಲದೆ ತಿರುಗುತ್ತಿದೆ. ಉಳಿದಿರುವುದು ಥ್ರೆಡ್‌ನ ಜಿನುಗು. ಟೇಪ್ ಬಿಚ್ಚಿ ನೋಡಿದೆ. ಕಪ್ಲರ್ ಕೈಯಿಂದ ನಾಲ್ಕೈದು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಪಾನಾ ಹಾಕಿ ಎಷ್ಟು ತಿರುಗಿಸಿದರೂ ಕೊನೆಯವರೆಗೆ ಹೋಗುವುದಿಲ್ಲ. ಇದು ಸಹಜವೇ?

ಉತ್ತರ: ಹುಬ್ಬಳ್ಳಿ, ಹೋಸ್ ಮತ್ತು ಫಿಟ್ಟಿಂಗ್ ಕೆಲಸದವರು

ಸಹಜವಲ್ಲ ಸರ್. ಎರಡು ಬೇರೆ ಜಾತಿಯ ಥ್ರೆಡ್‌ಗಳನ್ನು ಒಂದರೊಳಗೊಂದು ತಿರುಗಿಸಿದ್ದಾರೆ ಎಂದು ನೀವು ಹೇಳುವ ಲಕ್ಷಣದಿಂದಲೇ ತೋರುತ್ತದೆ. ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವುದು ಬಿಎಸ್‌ಪಿ, ಅಂದರೆ ಬ್ರಿಟಿಷ್ ಮಾನಕದ ಕೊಳವೆ ಥ್ರೆಡ್. ಹೊರದೇಶದ ಕಪ್ಲರ್‌ಗಳಲ್ಲಿ, ಅವುಗಳ ನಕಲಿನಲ್ಲಿ ಎನ್‌ಪಿಟಿ, ಅಂದರೆ ಅಮೆರಿಕದ ಮಾನಕದ ಕೊಳವೆ ಥ್ರೆಡ್ ಇರುತ್ತದೆ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ. ಆದ್ದರಿಂದ ಪಿಚ್ ಗೇಜ್ (ಹಲ್ಲುಗಳ ನಡುವಿನ ಅಂತರ ಅಳೆಯುವ ಸಾಧನ) ಹಿಡಿದರೂ ಅವಸರದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೊದಲ ಕೆಲವು ಸುತ್ತುಗಳು ಸುಮ್ಮನೆ ಒಳಗೆ ಹೋಗುತ್ತವೆ. ಆದರೆ ಬಿಎಸ್‌ಪಿಯ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60 ಡಿಗ್ರಿ. ಮೇಲಾಗಿ ಎನ್‌ಪಿಟಿ ತುದಿಯಿಂದ ಹಿಂದಕ್ಕೆ ದಪ್ಪವಾಗುತ್ತಾ ಹೋಗುತ್ತದೆ. ಹಲ್ಲುಗಳ ನಡುವೆ ಸುರುಳಿಯಾಗಿ ಒಂದು ಸಂದಿ ಉಳಿಯುತ್ತದೆ, ಆಯಿಲ್ ಆ ಸಂದಿ ಹಿಡಿದು ಹೊರಗೆ ಬರುತ್ತದೆ. ಅದನ್ನು ಟೇಪ್‌ನಿಂದ ಮುಚ್ಚಲಾಗದು; ಪಾನಾ ಹಾಕಿ ಇನ್ನೂ ಬಿಗಿದರೆ ಹೆಣ್ಣು ಭಾಗ ಬಿರಿಯಬಹುದು.

ವರ್ನಿಯರ್ ಇದ್ದರೆ ಗಂಡು ಥ್ರೆಡ್‌ನ ಹೊರವ್ಯಾಸವನ್ನು ಅಳೆಯಿರಿ. ಅರ್ಧ ಇಂಚಿನ ಬಿಎಸ್‌ಪಿಯಾದರೆ 21 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ, ಉದ್ದಕ್ಕೂ ಒಂದೇ ಸಮ. 22 ಮಿ.ಮೀ. ಬಂದು ಹಲ್ಲುಗಳು ಸಣ್ಣಗಿದ್ದರೆ ಅದು 1.5 ಪಿಚ್‌ನ ಮೆಟ್ರಿಕ್ ಥ್ರೆಡ್, ಯುರೋಪಿನ ಉಪಕರಣಗಳಲ್ಲಿ ಕಾಣುವಂಥದು. ಅರ್ಧ ಇಂಚು ಎಂದು ಅಂಗಡಿಯಲ್ಲಿ ಹೇಳಿದರೆ ಅದು ಕೊಳವೆಯ ಹೆಸರಿನ ಅಳತೆಯೇ ಹೊರತು ಥ್ರೆಡ್‌ನ ಅಳತೆಯಲ್ಲ. ಸ್ಕೇಲ್ ಹಿಡಿದು ಅರ್ಧ ಇಂಚು ಹುಡುಕುವವರು ಇಲ್ಲೇ ಎಡವುತ್ತಾರೆ. ಅನುಮಾನವಿದ್ದರೆ ಹಳೆಯ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗುವುದು ಉತ್ತಮ.

ಥ್ರೆಡ್ ಜಾತಿ ಹೊಂದಿದ ಮೇಲೆ ಸೀಲ್ ಎಲ್ಲಿ ಆಗುತ್ತದೆ ಎಂಬುದನ್ನು ನೋಡಬೇಕು. ನೇರ ಬಿಎಸ್‌ಪಿಯಲ್ಲಿ ಥ್ರೆಡ್ ಬರಿಯ ಹಿಡಿತಕ್ಕೆ, ಸೀಲ್ ಮಾಡುವುದು ಕಬ್ಬಿಣದ ಉಂಗುರದೊಳಗೆ ರಬ್ಬರ್ ಕೂರಿಸಿದ ಡೌಟಿ ವಾಷರ್. ಹೋಸ್‌ನ ತುದಿಯಲ್ಲಿ ತಿರುಗುವ ನಟ್ ಇದ್ದರೆ ಅದರೊಳಗಿನ ಶಂಕುವಿನಾಕಾರದ ಮುಖ ಎದುರಿನ ಶಂಕುವಿಗೆ ಕೂತು ಸೀಲ್ ಆಗುತ್ತದೆ. ಈ ಎರಡೂ ಕಡೆ ಟೇಪ್‌ಗೆ ಕೆಲಸವೇ ಇಲ್ಲ. ಬಿಗಿಯುವಾಗ ಕತ್ತರಿಸಿದ ಟೇಪ್‌ನ ಎಳೆಗಳು ಆಯಿಲ್ ಜೊತೆ ಸಾಗಿ ನಿಮ್ಮ ತಿರುವು ವಾಲ್ವ್‌ನೊಳಗೆ ಸಿಕ್ಕಿಕೊಂಡರೆ ನೇಗಿಲು ಮತ್ತೆ ಅರ್ಧಕ್ಕೆ ನಿಲ್ಲುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ. ಹೊಸ ಕಪ್ಲರ್ ಹಾಕುವ ಮೊದಲು ಹಳೆಯ ಟೇಪ್‌ನ ಚೂರುಗಳನ್ನು ಸೂಜಿಯಿಂದ ಬಿಡಿಸಿ, ಹೋಸ್‌ನ ಬಾಯಿಯನ್ನು ಕೆಳಮುಖ ಮಾಡಿ ಡೀಸೆಲ್‌ನಿಂದ ತೊಳೆಯಿರಿ. ಬಿಗಿಯುವಾಗ ಎರಡು ಪಾನಾ ಬಳಸಿ. ಒಂದೇ ಪಾನಾದಿಂದ ತಿರುಗಿಸಿದರೆ ಹೋಸ್ ಹುರಿಗೊಳ್ಳುತ್ತದೆ. ಹೋಸ್‌ನ ಮೇಲೆ ಉದ್ದಕ್ಕೆ ಮುದ್ರಿಸಿದ ಗೆರೆ ಸುತ್ತಿಕೊಂಡಂತೆ ಕಂಡರೆ ಹುರಿಯಾಗಿದೆ ಎಂದೇ ತಿಳಿಯಿರಿ.

ಉತ್ತರ: ಗಂಗಾವತಿ, ಲೇಸರ್ ಲೆವೆಲರ್ ನಡೆಸುವವರು

ಇಲ್ಲಿಯವರೆಗೆ ಧೂಳಿನ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಬೇಸಿಗೆಯಲ್ಲಿ ಲೆವೆಲಿಂಗ್ ಮಾಡುವಾಗ ಎದ್ದ ಧೂಳು ಎಲ್ಲ ಸಂದಿಗಳಿಗೂ ಹೋಗುತ್ತದೆ. ಕಪ್ಲರ್ ಕೂಡಿಸುವ ಮೊದಲು ಗಂಡು ತುದಿಯನ್ನೂ ಹೆಣ್ಣು ತುದಿಯ ಒಳಭಾಗವನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸುವುದು ನನ್ನ ಮಟ್ಟಿಗೆ ತಪ್ಪಿಸುವಂತಿಲ್ಲದ ಕೆಲಸ. ನಮ್ಮಲ್ಲಿ ಓಡುವ ಬಹುಪಾಲು ಟ್ರಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್; ಕಪ್ಲರ್‌ನ ಮೂತಿಯಲ್ಲಿ ಅಂಟಿದ ಮಣ್ಣು ಒಳಗೆ ಹೋದರೆ ಪಂಪ್‌ಗೂ ಹೋಗುತ್ತದೆ, ಗೇರ್‌ಗೂ ಹೋಗುತ್ತದೆ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಿಂದಾಗಲಿ ಪಕ್ಕದವರಿಂದಾಗಲಿ ತಂದ ಉಪಕರಣ ಹಲವು ಟ್ರಾಕ್ಟರ್‌ಗಳ ಆಯಿಲನ್ನು ತನ್ನ ಸಿಲಿಂಡರ್‌ನಲ್ಲಿ ತುಂಬಿಕೊಂಡು ಬಂದಿರುತ್ತದೆ, ಜೋಡಿಸಿ ಲಿವರ್ ಎಳೆದರೆ ಅದೆಲ್ಲ ನಿಮ್ಮ ಟ್ರಾಕ್ಟರ್‌ಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ನೇಗಿಲಿನಲ್ಲಿ ಯಾವ ಆಯಿಲ್ ಇದೆಯೋ ಬಲ್ಲವರಾರು? ಆಯಿಲ್ ಬ್ರೇಕ್ ಇರುವ ಟ್ರಾಕ್ಟರ್ ಆದರೆ ತಯಾರಕರು ಹೇಳಿದ ಟ್ರಾನ್ಸ್‌ಮಿಷನ್ ಆಯಿಲ್ ಬಿಟ್ಟು ಬೇರೆ ಸೇರಬಾರದು. ಸಿಲಿಂಡರನ್ನು ಒಮ್ಮೆ ಪೂರ್ತಿ ಬಸಿದು ತೆಗೆಯುವುದು ಒಳ್ಳೆಯದು.

ಹೋಸ್‌ಗಳಿಗೆ ಗುರುತು ಮಾಡಿಕೊಳ್ಳಿ. ಒತ್ತಡದ ಹೋಸ್‌ಗೆ ಕೆಂಪು ಟೈ, ಹಿಂದಿರುಗುವುದಕ್ಕೆ ನೀಲಿ ಟೈ, ಟ್ರಾಕ್ಟರ್‌ನ ಕಪ್ಲರ್‌ಗಳ ಮೇಲೂ ಅದೇ ಬಣ್ಣ. ಲೆವೆಲರ್‌ನಲ್ಲಿ ಅದಲುಬದಲಾದರೆ ಹಿಂದಿರುಗುವ ಬಾಯಿಗೆ ಪೂರ್ಣ ಒತ್ತಡ ಬೀಳುತ್ತದೆ, ವಿದ್ಯುತ್ತಿನಿಂದ ನಡೆಯುವ ಹಲವು ಸೊಲೆನಾಯ್ಡ್ ವಾಲ್ವ್‌ಗಳು ಅದನ್ನು ತಡೆದುಕೊಳ್ಳುವುದಿಲ್ಲ. ಹೈಡ್ರಾಲಿಕ್ ಮೋಟಾರ್ ಇರುವ ಉಪಕರಣಗಳಲ್ಲಿ ಮೂರನೆಯ ತೆಳು ಹೋಸ್ ಒಂದಿರುತ್ತದೆ, ಮೋಟಾರ್‌ನ ಒಳಸೋರಿಕೆಯನ್ನು ಟ್ಯಾಂಕಿಗೆ ಒಯ್ಯುವುದು ಅದರ ಕೆಲಸ. ಅದನ್ನು ಮರೆತು ಬಿಟ್ಟರೆ ಅಥವಾ ಮುಚ್ಚಿದರೆ ಮೋಟಾರ್‌ನ ಶಾಫ್ಟ್ ಸೀಲ್ ಹೊರಕ್ಕೆ ಹಾರುತ್ತದೆ.

ಹೋಸ್ ಸಾಗುವ ದಾರಿಯನ್ನು ನೋಡದೆ ಹೊಲಕ್ಕೆ ಇಳಿಯಬೇಡಿ. ನೇಗಿಲನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಎರಡೂ ಮಗ್ಗುಲಿಗೆ ತಿರುಗಿಸಿ, ಪ್ರತಿಯೊಂದು ಸ್ಥಿತಿಯಲ್ಲಿ ಹೋಸ್ ಎಲ್ಲಿ ಬಿಗಿಯುತ್ತದೆ, ಎಲ್ಲಿ ಜೋಲುತ್ತದೆ ಎಂದು ದೂರದಿಂದ ಗಮನಿಸಬೇಕು. ಟಾಪ್ ಲಿಂಕ್‌ನ ಸಂದಿಯಲ್ಲಿ ಸಿಕ್ಕಿ ಕತ್ತರಿಸಿದ ಹೋಸ್‌ಗಳನ್ನು ಬಹಳ ಕಂಡಿದ್ದೇನೆ. ಕಪ್ಲರ್ ಸುಲಭವಾಗಿ ಕೂಡಲೆಂದು ನಾನು ಒಳಗೆ ತುಸು ಗ್ರೀಸ್ ಹಚ್ಚುತ್ತೇನೆ.

ಉತ್ತರ: ರಾಯಚೂರು, ಕೃಷಿ ಎಂಜಿನಿಯರಿಂಗ್ ಓದಿದವರು

ಗಂಗಾವತಿಯ ಗೆಳೆಯರ ಕೊನೆಯ ಮಾತೊಂದನ್ನು ಒಪ್ಪುವುದು ಕಷ್ಟ. ಧೂಳಿನ ಬಗ್ಗೆ ಅಷ್ಟು ಹೇಳಿದ ಮೇಲೆ ಗ್ರೀಸ್ ಹಚ್ಚುವುದೆಂದರೆ ಅದೇ ಧೂಳಿಗೆ ಅಂಟು ಕೊಟ್ಟಂತೆ. ಓ-ರಿಂಗ್ ಜಾರಲು ಅದೇ ಟ್ರಾಕ್ಟರ್‌ನ ಶುದ್ಧ ಆಯಿಲ್‌ನ ಒಂದು ಹನಿ ಸಾಕು. ಹೊರಗಿನ ಉಂಗುರ ತುಕ್ಕಿನಿಂದ ಬಿಗಿಯಾಗಿದ್ದರೆ ಅದರ ಹೊರಮೈಗೆ ಮಾತ್ರ ಸ್ಪ್ರೇ ಹೊಡೆದು ಒರೆಸಿಬಿಡಬಹುದು.

ಕೆಲವರು ಧೂಳಿಗೆ ಪರಿಹಾರವೆಂದು ಚಪ್ಪಟೆ ಮುಖದ ಕಪ್ಲರ್‌ಗಳನ್ನು ಸೂಚಿಸುತ್ತಾರೆ. ಅವುಗಳನ್ನು ಒರೆಸುವುದು ಸುಲಭ, ಬಿಚ್ಚುವಾಗ ಹನಿಯೂ ಬೀಳುವುದಿಲ್ಲ ಎಂಬುದು ನಿಜ. ಆದರೆ ಅವು ಸಾಮಾನ್ಯ ಕಪ್ಲರ್‌ಗಳಿಗೆ ಕೂಡುವುದಿಲ್ಲ, ಒತ್ತಡ ಉಳಿದಿದ್ದರೆ ಇನ್ನೂ ಹಟಮಾರಿಯಾಗುತ್ತವೆ. ಉಪಕರಣಗಳನ್ನು ಊರಿನಲ್ಲಿ ಹಂಚಿಕೊಂಡು ಬಳಸುವ ರೈತರಿಗೆ ನಾನು ಅವನ್ನು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ವರ್ನಿಯರ್ ಹಿಡಿದು ನೋಡಿಸಿದಾಗ ಆ ಒಂದು ಕಪ್ಲರ್ ಎನ್‌ಪಿಟಿಯದೇ ಎಂದು ತಿಳಿಯಿತು, ಉಳಿದುದೆಲ್ಲ ಬಿಎಸ್‌ಪಿ. ಸರಿಯಾದುದನ್ನು ಡೌಟಿ ವಾಷರ್ ಸಮೇತ ಹಾಕಿಸಿದೆ, ಈಗ ಒಣಗಿದೆ. ಹೋಸ್‌ಗಳ ಹೊರರಬ್ಬರ್ ಬಾಗುವಲ್ಲಿ ಬಿರುಕು ಬಿಟ್ಟಿರುವುದರಿಂದ ಎರಡನ್ನೂ ಹೊಸದಾಗಿ ಮಾಡಿಸಬೇಕೆಂದಿದ್ದೇನೆ. ಈಗಿನವು ನೇಗಿಲು ಎತ್ತಿದಾಗ ತಂತಿಯಂತೆ ಬಿಗಿಯುತ್ತವೆ. ಏನೆಂದು ಹೇಳಿ ಮಾಡಿಸಬೇಕು?

ಉತ್ತರ: ಹುಬ್ಬಳ್ಳಿ, ಹೋಸ್ ಮತ್ತು ಫಿಟ್ಟಿಂಗ್ ಕೆಲಸದವರು

ಎರಡು ಪದರದ ತಂತಿ ಹೆಣೆದ ಅರ್ಧ ಇಂಚಿನ ಹೋಸ್ ಎಂದು ಹೇಳಿ. ಅದರ ಮೇಲೆ ಇಎನ್ 853 2ಎಸ್‌ಎನ್ ಅಥವಾ ಎಸ್‌ಎಇ 100 ಆರ್2 ಎಂದು ಮುದ್ರಿಸಿರಬೇಕು. 2ಎಸ್‌ಎನ್‌ನ ಈ ಅಳತೆಗೆ ಕೆಲಸದ ಒತ್ತಡ 275 ಬಾರ್, ಆದ್ದರಿಂದ ಮೇಲೆ ಲೆಕ್ಕ ಹಾಕಿದ 260 ಬಾರ್ ಬಂದರೂ ಅದು ಮಿತಿಯೊಳಗೇ ಇರುತ್ತದೆ. ಅದೇ ಮುದ್ರೆಯಲ್ಲಿ ತಯಾರಾದ ತ್ರೈಮಾಸಿಕ ಮತ್ತು ವರ್ಷವೂ ಇರುತ್ತದೆ; 3ಕ್ಯೂ19 ಎಂದಿದ್ದರೆ 2019ರ ಮೂರನೆಯ ತ್ರೈಮಾಸಿಕ ಎಂದು ಓದಿಕೊಳ್ಳಿ, ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮಾಲನ್ನು ಒಪ್ಪಬೇಡಿ. ತುದಿಗಳನ್ನು ಕ್ರಿಂಪಿಂಗ್ ಮಷೀನ್‌ನಲ್ಲಿಯೇ ಒತ್ತಿಸಬೇಕು, ಕ್ಲಿಪ್ ಹಾಕಿ ಬಿಗಿದದ್ದು ಈ ಒತ್ತಡಕ್ಕೆ ನಿಲ್ಲುವುದಿಲ್ಲ.

ಉದ್ದವನ್ನು ಹಳೆಯ ಹೋಸ್ ನೋಡಿ ಅಳೆಯಬೇಡಿ, ಅದೇ ಗಿಡ್ಡವಾಗಿದೆ. ನೇಗಿಲನ್ನು ಪೂರ್ತಿ ಎತ್ತಿ, ಬೀಳದಂತೆ ಊರುಗೋಲು ಕೊಟ್ಟು, ಎಂಜಿನ್ ನಿಲ್ಲಿಸಿ, ಹೋಸ್‌ನ ದಾರಿಯನ್ನು ಹಗ್ಗದಿಂದ ಅಳೆಯಿರಿ. ಪಲ್ಟಿಯ ಎರಡೂ ಸ್ಥಿತಿಗಳಲ್ಲಿ ಅಳೆದು ಹೆಚ್ಚು ಬಂದುದನ್ನು ಹಿಡಿಯಿರಿ. ಒತ್ತಡ ಬಂದಾಗ ಇಂತಹ ಹೋಸ್ ಶೇಕಡಾ 4ರವರೆಗೆ ಕುಗ್ಗಬಹುದು, ಅಂದರೆ ಒಂದೂವರೆ ಮೀಟರ್‌ಗೆ 6 ಸೆಂ.ಮೀ.; ಅದಕ್ಕೂ ಬಾಗುವಿಕೆಗೂ ಜಾಗ ಬಿಡಬೇಕು. ಬಾಗಿನ ತ್ರಿಜ್ಯ 180 ಮಿ.ಮೀ.ಗಿಂತ ಕಡಿಮೆಯಾಗಬಾರದು, ಕಪ್ಲರ್‌ನ ಬುಡದಲ್ಲೇ ಹೋಸ್ ಮಡಚುವಂತಿದ್ದರೆ 90 ಡಿಗ್ರಿಯ ಎಲ್ಬೋ ಹಾಕಿಸಿ. ಹಾಗೆಂದು ಮಾರುದ್ದ ಮಾಡಿಸಿದರೆ ಟಯರ್‌ಗೆ ತಾಗುತ್ತದೆ. ಟಾಪ್ ಲಿಂಕ್‌ನ ಮೇಲೆ ಒಂದು ಕಬ್ಬಿಣದ ಬಳೆ ಬೆಸುಗೆ ಹಾಕಿಸಿದ ಕ್ಲ್ಯಾಂಪ್ ಕಟ್ಟಿ ಅದರೊಳಗಿಂದ ಎರಡೂ ಹೋಸ್ ಹಾಯಿಸಿದರೆ ಸಾಕು. ಬಳೆಯ ಅಂಚನ್ನು ಉಜ್ಜಿ ನುಣುಪು ಮಾಡಿಸಿ. ಹೊಸ ಹೋಸ್ ಹಾಕಿದ ಮೇಲೆ ಕಡಿಮೆ ವೇಗದಲ್ಲಿ ನೇಗಿಲನ್ನು ಕೆಲವು ಸಲ ತಿರುಗಿಸಿ ಗಾಳಿ ಹೊರಹಾಕಿ, ಸಿಲಿಂಡರ್ ಹೊಸದಾಗಿ ತುಂಬಿಕೊಂಡಷ್ಟು ಆಯಿಲ್ ಟ್ರಾಕ್ಟರ್‌ನಲ್ಲಿ ಕಡಿಮೆಯಾಗಿರುತ್ತದಾದ್ದರಿಂದ ಡಿಪ್ ಸ್ಟಿಕ್ ನೋಡಿ ಮಟ್ಟ ತುಂಬಿಸಿಕೊಳ್ಳಿ.